ಮೂರು ಚುಕ್ಕಿಯ ಪ್ಯಾಕಿಂಗ್

ಕೋಣಂದೂರು
28-6-1962

ಹುಲಿಯಪ್ಪನಿಗೆ,

ಕೋಣಂದೂರು ಅಕ್ಕಿ ಮಿಲ್ಲಿನ ಕೆರಿಯಮ್ಮ ಬರೆಯುವುದು. ನನ್ನ ಹೆಸರು ಕಂಡು ಈ ಕಾಗದವನ್ನು ಒಲೆಗೆ ಹಾಕುವ ಮನಸ್ಸಾದರೆ ಸ್ವಲ್ಪ ತಡೆದುಕೊ, ಓದಿಯಾದ ಮೇಲೂ ಹಾಕಬಹುದು. ಬೇರೆಯವರ ಕೈಲಿ ಬರೆಸಿದ್ದರೆ ಅಕ್ಷರ ಚಂದ ಇರುತ್ತಿತ್ತು. ಆದರೆ ಬರೆದವನು ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ ಹಂಚುತ್ತಿದ್ದ. ಅದಕ್ಕೇ ನನ್ನ ನಾಲ್ಕನೇ ಕ್ಲಾಸಿನ ಅಕ್ಷರವನ್ನೇ ಸಹಿಸಿಕೊ.

ನಮ್ಮವರು ಶಿವರಾತ್ರಿ ಕಳೆದ ಮೇಲೆ ಜ್ವರದಲ್ಲಿ ತೀರಿಕೊಂಡರು. ನಿನಗೆ ಸುದ್ದಿ ಮುಟ್ಟಿರಬೇಕು. ಮಿಲ್ಲು ಈಗ ನನ್ನ ತಲೆಯ ಮೇಲಿದೆ. ಭತ್ತ ನೆನೆಹಾಕುವುದು, ಬೇಯಿಸುವುದು, ಅಂಗಳದಲ್ಲಿ ಹರವಿ ಒಣಗಿಸುವುದು ಎಲ್ಲ ಹೇಗೋ ನಡೆಯುತ್ತದೆ. ನಡೆಯದೆ ಇರುವುದು ಬಾಯ್ಲರಿನ ಉಗಿ ಪೈಪು. ಎರಡು ಪೈಪಿನ ತುದಿಯ ಕಬ್ಬಿಣದ ಬಳೆಗಳನ್ನು ಎದುರುಬದುರು ಇಟ್ಟು ಬೋಲ್ಟು ಹಾಕುವ ಜಾಗ ಇದೆಯಲ್ಲ, ನೀನು ಫ್ಲ್ಯಾಂಜ್ ಅನ್ನುತ್ತಿದ್ದೆ, ಅಲ್ಲಿ ಮತ್ತೆ ಉಗಿ ಬಿಡುತ್ತಿದೆ. ತೀರ್ಥಹಳ್ಳಿಯಿಂದ ಇಬ್ಬರು ಬಂದು ಆ ಬಳೆಗಳ ನಡುವೆ ಉಗಿ ಸೋರದಂತೆ ಹೊಸ ಪ್ಯಾಕಿಂಗ್ ಹಾಕಿ ಹೋದರು. ಒಬ್ಬನದು ನಾಲ್ಕು ದಿನ ನಿಂತಿತು. ಇನ್ನೊಬ್ಬನದು ಅವನು ಬಸ್ಸು ಹತ್ತುವ ತನಕ ನಿಂತಿತು. ಬೆಂಕಿ ಹಾಕುವ ಜಯಪ್ಪ ಆ ಪೈಪಿನ ಹತ್ತಿರ ತಾನು ನಿಲ್ಲುವುದಿಲ್ಲ ಎಂದು ಕೂತಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿಲ್ಲ. ಎರಡು ವರ್ಷದ ಹಿಂದೆ ಅದೇ ಜಾಗ ಸಿಡಿದು ನಮ್ಮವರ ಬಲಗೈ ಮೊಣಕೈವರೆಗೆ ಬೆಂದದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ.

ಪ್ಯಾಕಿಂಗ್ ಕೊಯ್ದಿಡದೆ ಭೂಮಿ ಹುಣ್ಣಿಮೆ ಹಬ್ಬಕ್ಕೆ ಊರಿಗೆ ಓಡಿದವನು ಎಂದು ಆವತ್ತು ಮಿಲ್ಲಿನಂಗಳದಲ್ಲಿ ಎಲ್ಲರ ಎದುರು ನಿನ್ನನ್ನು ಬೈದವಳು ನಾನು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಬರೆಯುತ್ತಿಲ್ಲ. ಆದರೆ ಅದಕ್ಕೆ ಮುಂಚೆ ನೀನಿದ್ದ ಆರು ವರ್ಷ ಆ ಪೈಪು ಒಂದು ಹನಿ ಸೋರಿದ್ದಿಲ್ಲ. ಅದನ್ನು ಹೇಳದೆ ಇದ್ದರೂ ಸುಳ್ಳಾಗುತ್ತದೆ. ಸುಗ್ಗಿಯೊಳಗೆ ಇದು ಸರಿಯಾಗದಿದ್ದರೆ ಮಿಲ್ಲಿಗೆ ಬೀಗ ಹಾಕಬೇಕು. ಒಂದು ಸಲ ಬಂದು ಹೋಗು.

ಹಾಲಮ್ಮನನ್ನೂ ಶರಾವತಿಯನ್ನೂ ಕೇಳಿದೆ ಎಂದು ಹೇಳು. ಮಗು ಈಗ ಓಡಾಡುತ್ತಿರಬೇಕು.

ಇಂತು,
ಕೆರಿಯಮ್ಮ


ಸಾಗರ
6-7-1962

ಕೆರಿಯಮ್ಮನವರಿಗೆ ಹುಲಿಯಪ್ಪನ ನಮಸ್ಕಾರಗಳು.

ಕಾಗದ ಮುಟ್ಟಿತು. ಒಲೆಗೆ ಹಾಕಲಿಲ್ಲ. ಗೌಡರು ಹೋದ ಸುದ್ದಿ ನನಗೆ ಹದಿನೈದು ದಿನ ತಡವಾಗಿ ತಿಳಿಯಿತು. ಆ ದಿನ ಕೆಲಸಕ್ಕೆ ಹೋಗಲಿಲ್ಲ.

ನಾನು ಬರುವುದಿಲ್ಲ ಅಮ್ಮ. ಬೋಲ್ಟು ಬಿಗಿಯುವ ಪಾನಾವನ್ನು ನಿಮ್ಮ ಅಂಗಳದಲ್ಲಿಟ್ಟು, ಇನ್ನು ಈ ಮಿಲ್ಲಿನ ಹೊಸಿಲು ತುಳಿಯುವುದಿಲ್ಲ ಎಂದು ಬಂದವನು ನಾನು. ಹಟಮಾರಿ ಎಂದು ಹಾಲಮ್ಮ ದಿನವೂ ಹೇಳುತ್ತಾಳೆ, ಅದರಲ್ಲಿ ಸುಳ್ಳೇನಿಲ್ಲ.

ಇಲ್ಲಿ ಒಂದು ಸೈಕಲ್ ಷಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದೇನೆ. ಹೊಸನಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ ಮಿಲ್ಲಿನವರು ನನ್ನ ಹೆಸರು ಕೇಳಿದ ಕೂಡಲೇ “ಕೋಣಂದೂರಲ್ಲಿ ಹಬ್ಬಕ್ಕೆ ಓಡಿದವ್ನು ನೀನೇ ಅಲ್ವನಾ” ಅನ್ನುತ್ತಾರೆ. ಈಗ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಪೈಪ್ ಫಿಟ್ಟರು ಬೇಕಾಗಿದ್ದಾರೆ. ಸೂಪರ್‌ವೈಸರು ನನ್ನ ಕೈಕೆಲಸ ನೋಡಿ ಒಪ್ಪಿದರು. ಆದರೆ ಹಿಂದೆ ದುಡಿದ ಕಡೆಯ ಯಜಮಾನರಿಂದ ಒಂದು ಕಾಗದ ಬೇಕಂತೆ, ಸೆಪ್ಟೆಂಬರ್ ಮುಗಿಯುವುದರೊಳಗೆ. ನಾನು ದುಡಿದದ್ದು ಒಂದೇ ಕಡೆ. ಅದನ್ನು ಕೇಳಲು ಇದನ್ನು ಬರೆದದ್ದಲ್ಲ, ಕೇಳುವುದೂ ಇಲ್ಲ. ನೀವು ನಿಮ್ಮ ಸಂಗತಿ ತಿಳಿಸಿದಿರಿ, ನಾನು ನನ್ನದು ತಿಳಿಸಿದೆ.

ಆದರೆ ಒಂದು ಪೈಪು ಸೋರುತ್ತಿದೆ ಎಂದು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಅಲ್ಲಿದ್ದಾಗ ನಾನು ಪ್ಯಾಕಿಂಗಿನ ಷೀಟನ್ನು ಫ್ಲ್ಯಾಂಜಿನ ಮೇಲೇ ಇಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಅಂಚು ಮೂಡಿಸಿ ಕೊಯ್ಯುತ್ತಿದ್ದೆ. ಹಾಗಾಗಿ ಅದರ ಅಳತೆ ನನ್ನ ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ. ನೀವು ಒಂದು ಕೆಲಸ ಮಾಡಿ. ಬಾಯ್ಲರ್ ಪೂರ್ತಿ ತಣ್ಣಗಿರುವಾಗ ಎಂಟೂ ಬೋಲ್ಟು ಬಿಚ್ಚಿಸಿ. ಹಳೇ ಪ್ಯಾಕಿಂಗಿನ ಚೂರು ಉಳಿಯದಂತೆ ಹೆರೆಸಿ. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಫ್ಲ್ಯಾಂಜಿಗೆ ಸವರಿ, ಮೇಲೆ ದಪ್ಪ ಕಾಗದ ಒತ್ತಿದರೆ ಪೈಪಿನ ತೂತು, ಬೋಲ್ಟಿನ ತೂತು ಎಲ್ಲ ಮೂಡುತ್ತವೆ. ಆ ಕಾಗದ ಕಳಿಸಿ. ನಾನು ಆಸ್ಬೆಸ್ಟಾಸ್ ಷೀಟಿನಲ್ಲಿ ಕೊಯ್ದು ಕಳಿಸುತ್ತೇನೆ.

ಶರಾವತಿ ಓಡಾಡುವುದಲ್ಲ, ಅಂಗಡಿಯ ಟ್ಯೂಬುಗಳನ್ನೆಲ್ಲ ಕೊರಳಿಗೆ ಹಾಕಿಕೊಂಡು ಕುಣಿಯುತ್ತಾಳೆ.

ಹುಲಿಯಪ್ಪ


ಕೋಣಂದೂರು
16-7-1962

ಹುಲಿಯಪ್ಪನಿಗೆ,

ನೀನು ಎರಡು ಸಾಲಿನಲ್ಲಿ ಬರೆದ ಕೆಲಸಕ್ಕೆ ನಮಗೆ ಎರಡು ದಿನ ಹಿಡಿಯಿತು. ನೀನು ಅಂಗಳದಲ್ಲಿ ಬಿಟ್ಟುಹೋದ ಪಾನಾವನ್ನು ಜಯಪ್ಪ ಮಿಲ್ಲಿನ ಗೋಡೆಯ ಮೊಳೆಗೆ ತೂಗುಹಾಕಿದ್ದ, ಅದರಿಂದಲೇ ಬಿಚ್ಚಿದೆವು. ಹೆರೆಯುವ ಕೆಲಸ ನಾನು ಮಾಡಿದೆ. ಹಲಸಿನಕಾಯಿ ಮೇಣ ಬಿಡಿಸಿದ ಕೈಗೆ ಇದೇನು ದೊಡ್ಡದಲ್ಲ.

ದಪ್ಪ ಕಾಗದ ಎಂದರೆ ಕ್ಯಾಲೆಂಡರಿನದು ಮಾತ್ರ ಸಿಕ್ಕಿತು. ಹಿಂಭಾಗಕ್ಕೆ ಮಸಿ ಒತ್ತು ಎಂದರೆ ಜಯಪ್ಪ ಕೈ ಹಿಂದೆ ಕಟ್ಟಿಕೊಂಡ, ಮುಂಭಾಗದಲ್ಲಿ ಲಕ್ಷ್ಮಿ ಇದ್ದಾಳೆ ಎಂದು. ಲಕ್ಷ್ಮಿ ನಿಲ್ಲಬೇಕಾದರೆ ಮೊದಲು ಪೈಪು ನಿಲ್ಲಬೇಕು ಎಂದು ನಾನೇ ಒತ್ತಿದೆ. ನನ್ನ ಮುಖಕ್ಕೂ ಮಸಿಯಾಗಿ, ಭತ್ತ ತಂದವರು ನನ್ನನ್ನು ನೋಡಿ ನಗು ತಡೆಯಲಾಗದೆ ಒದ್ದಾಡಿದರು. ಕಾಗದವನ್ನು ಮಡಿಸದೆ ಸುರುಳಿ ಮಾಡಿ ಕಳಿಸಿದ್ದೇನೆ.

ಕೆಲಸದ ಕಾಗದದ ವಿಷಯ ಓದಿದೆ. ಮೊದಲು ಸೋರುವುದು ನಿಲ್ಲಲಿ.

ಕೆರಿಯಮ್ಮ


ಸಾಗರ
24-7-1962

ಕೆರಿಯಮ್ಮನವರಿಗೆ ನಮಸ್ಕಾರಗಳು.

ಲಕ್ಷ್ಮಿ ಸುರಕ್ಷಿತವಾಗಿ ಬಂದಳು. ಅಚ್ಚು ಚೆನ್ನಾಗಿ ಮೂಡಿದೆ. ಅದರ ಪ್ರಕಾರ ಕೊಯ್ದ ಪ್ಯಾಕಿಂಗನ್ನು ಎರಡು ರಟ್ಟಿನ ನಡುವೆ ಇಟ್ಟು ಪಾರ್ಸೆಲ್ ಮಾಡಿದ್ದೇನೆ. ಒಂದು ಬೋಲ್ಟಿನ ತೂತಿನ ಪಕ್ಕ ಮೂರು ಚುಕ್ಕಿ ಇರುತ್ತವೆ. ನಾನು ಕೊಯ್ದದ್ದಕ್ಕೆಲ್ಲ ಮೊಳೆಯಿಂದ ಹಾಗೆ ಗುರುತು ಹಾಕುತ್ತೇನೆ. ಆ ಮುಖ ಮೇಲೆ ಬರಬೇಕು.

ಬೋಲ್ಟುಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಬಿಗಿಯಬಾರದು. ಒಂದನ್ನು ಸ್ವಲ್ಪ ತಿರುಗಿಸಿದರೆ ಮುಂದಿನದು ಅದಕ್ಕೆ ನೇರ ಎದುರಿನದು. ಮೂರು ಸುತ್ತಿನಲ್ಲಿ ಹೀಗೆ ಬಿಗಿದರೆ ಪ್ಯಾಕಿಂಗ್ ಎಲ್ಲ ಕಡೆ ಒಂದೇ ಸಮ ಕೂರುತ್ತದೆ. ಒಂದೇ ಕಡೆ ಹಿಂಡಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಜಯಪ್ಪನ ಕೈಯಲ್ಲಿ ಬಲ ಜಾಸ್ತಿ. ಸಾಕು ಎಂದು ನೀವೇ ನಿಂತು ಹೇಳಬೇಕು.

ಹುಲಿಯಪ್ಪ


ಕೋಣಂದೂರು
2-8-1962

ಹುಲಿಯಪ್ಪ,

ಕೂರಲಿಲ್ಲ. ನಾಲ್ಕು ಬೋಲ್ಟು ಒಳಗೆ ಹೋದವು, ಉಳಿದ ನಾಲ್ಕಕ್ಕೆ ತೂತು ಎದುರಾಗಲಿಲ್ಲ, ಒಂದು ಭತ್ತದ ಕಾಳಿನಷ್ಟು ಆಚೆ. ನಿನ್ನ ಪ್ಯಾಕಿಂಗ್ ಬಂತು ಎಂದು ನಾನು ಅಂಗಳದಲ್ಲಿದ್ದವರಿಗೆಲ್ಲ ಹೇಳಿಕೊಂಡಿದ್ದೆ. ಜನ ನನ್ನ ಮುಖ ನೋಡಿದರು. ಎರಡು ವರ್ಷದ ಹಿಂದೆ ನಾನು ಅಂದದ್ದೇ ಸರಿ ಎಂದು ಒಬ್ಬರು ನನಗೇ ಸಮಾಧಾನ ಹೇಳಿದರು. ನನಗೂ ಹಾಗೇ ಅನ್ನಿಸಿತು, ಬಚ್ಚಿಡುವುದಿಲ್ಲ.

ಕೆರಿಯಮ್ಮ


ಸಾಗರ
9-8-1962

ಅಮ್ಮನವರಿಗೆ ನಮಸ್ಕಾರಗಳು.

ಇದು ನನ್ನ ತಪ್ಪು. ನಿಮ್ಮ ಕಾಗದ ಓದಿದ ಮೇಲೆ ಆ ಕ್ಯಾಲೆಂಡರ್ ಹಾಳೆಯನ್ನು ಒಲೆಯ ಮೇಲೆ ಕಟ್ಟಿ ಒಂದು ದಿನ ಒಣಗಿಸಿದೆ. ಸರಿಯಾಗಿ ಒಂದು ಭತ್ತದ ಕಾಳಿನಷ್ಟು ಕುಗ್ಗಿತು. ಅಂಚೆ ಚೀಲದಲ್ಲಿ ಈ ಮಳೆಯ ಶೀತಕ್ಕೆ ಅದು ಹಿಗ್ಗಿತ್ತು, ನಾನು ಹಿಗ್ಗಿದ್ದನ್ನೇ ನಂಬಿ ಕೊಯ್ದೆ. ಆಷಾಢದಲ್ಲಿ ಕಾಗದವನ್ನು ನಂಬುವವನು ಫಿಟ್ಟರೇ ಅಲ್ಲ. ಹಾಲಮ್ಮ ನಕ್ಕಳು, ನಗಲಿ.

ನನ್ನ ತಪ್ಪನ್ನು ನನ್ನದು ಎನ್ನಲು ನನಗೆ ಕಷ್ಟವಿಲ್ಲ ಅಮ್ಮ. ಜನ ಏನಾದರೂ ಅಂದುಕೊಳ್ಳಲಿ, ನೀವು ಇಷ್ಟನ್ನು ತಿಳಿದಿರಿ.

ಈ ಸಲ ಅಚ್ಚನ್ನು ತಗಡಿನ ಮೇಲೆ ತೆಗೆಯಿರಿ. ಸೀಮೆಎಣ್ಣೆ ಡಬ್ಬಿಯ ತಗಡಾದರೆ ಸಾಕು, ಮಳೆಗೆ ಹಿಗ್ಗುವುದಿಲ್ಲ. ಅಂಚನ್ನು ಮೊಳೆಯಿಂದ ಗೀಚಿ ಕಳಿಸಿ.

ಹುಲಿಯಪ್ಪ


ಕೋಣಂದೂರು
20-8-1962

ಹುಲಿಯಪ್ಪನಿಗೆ,

ಮಳೆಗೆ ಹಿಗ್ಗಿದ ಕಾಗದಕ್ಕೆ ನಿನ್ನನ್ನು ಬೈದೆನಲ್ಲ, ಅದನ್ನು ಮರೆತುಬಿಡು. ಜಯಪ್ಪನಿಗೂ ಅಂಗಳದಲ್ಲಿದ್ದವರಿಗೂ ಹಾಗೇ ಬಿಡಿಸಿ ಹೇಳಿದ್ದೇನೆ.

ಈಗ ಒಂದು ಸೋಜಿಗ ಕೇಳು. ತಗಡಿಗೆಂದು ಅಡಿಗೆಮನೆ ಅಟ್ಟ ಹತ್ತಿ ಹಳೇ ಡಬ್ಬಿಗಳನ್ನು ಇಳಿಸುತ್ತಿದ್ದೆ. ಒಂದರೊಳಗೆ ಯಾವುದೋ ಹಳೇ ಸೀರೆ ಚೂರಿನಲ್ಲಿ ಸುತ್ತಿದ ಗುಂಡನೆಯ ವಸ್ತು ಸಿಕ್ಕಿತು. ಬಿಚ್ಚಿದರೆ ಪ್ಯಾಕಿಂಗ್. ಎಂಟು ತೂತು. ಒಂದರ ಪಕ್ಕ ಮೊಳೆಯಿಂದ ಮಾಡಿದ ಮೂರು ಚುಕ್ಕಿ. ಒಂದು ಸಲವೂ ಹಾಕಿ ತೆಗೆದದ್ದಲ್ಲ, ಬೋಲ್ಟು ಒತ್ತಿದ ಗುರುತೂ ಉಗಿಯ ಕಲೆಯೂ ಇಲ್ಲ. ಇದನ್ನು ನೀನು ಯಾವಾಗ ಕೊಯ್ದದ್ದು? ನನ್ನ ಅಟ್ಟಕ್ಕೆ ಹೇಗೆ ಬಂತು? ನಮ್ಮವರು ಇಟ್ಟರೇ ಎಂದರೆ, ಅವರು ಜನ್ಮದಲ್ಲಿ ಅಟ್ಟ ಹತ್ತಿದವರಲ್ಲ.

ಇದನ್ನೇ ಹಾಕಿ ನೋಡಲೇ? ತಗಡಿನ ಕೆಲಸ ಅಲ್ಲಿಗೇ ನಿಲ್ಲಿಸಿದ್ದೇನೆ.

ಕೆರಿಯಮ್ಮ


ಸಾಗರ
27-8-1962

ಅಮ್ಮನವರಿಗೆ ನಮಸ್ಕಾರಗಳು.

ಅದು ಯಾವುದೋ ಹಳೆಯ ಸ್ಪೇರ್ ಇರಬೇಕು. ಹಳೆಯದು ಒಣಗಿ ಬಿರಿಯುತ್ತದೆ. ಅದರ ಯೋಚನೆ ಬಿಟ್ಟು ತಗಡು ಕಳಿಸಿ, ಹೊಸದು ಕೊಯ್ದು ಕೊಡುತ್ತೇನೆ.

ಹುಲಿಯಪ್ಪ


ಕೋಣಂದೂರು
8-9-1962

ಹುಲಿಯಪ್ಪ,

ಹತ್ತು ದಿನದಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ಇವತ್ತು ಬರೆದೇ ಏಳುವುದು.

ಸ್ಪೇರ್ ಎಂದು ಬರೆದೆಯಲ್ಲ, ನಾನು ನಂಬಲಿಲ್ಲ. ಷೀಟಿನ ಅಂಗೈಯಗಲ ಚೂರನ್ನೂ ಬಿಸಾಡದೆ ಎತ್ತಿಡುತ್ತಿದ್ದವನು ನೀನು, ಕೊಯ್ದು ಸುಮ್ಮನೆ ಇಡುವವನಲ್ಲ. ಜಯಪ್ಪನನ್ನು ಕೂರಿಸಿಕೊಂಡು, ಆವತ್ತು ಸಿಡಿದ ಜಾಗದಲ್ಲಿ ಏನು ಹಾಕಿದ್ದರು ಎಂದು ಕೇಳಿದೆ. ಕೆಲಸ ಇದೆ ಎಂದು ಏಳಲು ಹೋದ. ನಮ್ಮವರೇ ಇಲ್ಲದ ಮೇಲೆ ಯಾರನ್ನು ಕಾಯುತ್ತೀಯ ಎಂದೆ. ಆಮೇಲೆ ಹೇಳಿದ:

“ಗೌಡ್ರು ಅಡಿಕೆ ಹಾಳೆ ಹಾಕ್ಸಿದ್ರು ಅಮ್ಮ. ಹುಲಿಯಪ್ಪ ಹಳೇ ಪ್ಯಾಕಿಂಗ್ ಬಿಚ್ಚಿ ತೆಗೆದಿದ್ದ. ಹೊಸ್ದು ಮೊಳೇಲಿ ನೇತು ಹಾಕಿರ್ತಾನೆ ಅಂತ ನೋಡಿದ್ರು, ಇರ್ಲಿಲ್ಲ. ಮೂರು ತೊಟ್ಟಿ ಭತ್ತ ನೆನೆದು ಕೂತಿತ್ತು, ಇನ್ನೊಂದಿನ ಬಿಟ್ರೆ ನಾರ್ತಿತ್ತು. ಹಾಳೆ ನೆನ್ಸಿ ಕತ್ತೀಲಿ ಗುಂಡಗೆ ಕೊಯ್ದ್ರು. ಉಗಿಗೆ ಬ್ಯಾಡ ಅಂದೆ ನಾನು. ಬೆಂಕಿ ಹಾಕು ಅಂದ್ರು.”

ಆ ಸಂಜೆ ಸೀರೆ ಚೂರನ್ನು ಒಗೆದು ಹಗ್ಗಕ್ಕೆ ಹಾಕಿದೆ. ಎಣ್ಣೆಮಸಿ ಹೋದ ಮೇಲೆ ಬಣ್ಣ ಕಂಡಿತು. ಹಸಿರು, ಕಪ್ಪು ಅಂಚು. ಅದು ನನ್ನದೇ ಸೀರೆ. ಆ ವರ್ಷ ಹಬ್ಬಕ್ಕೆ ಮುಂಚೆ ನಾನೇ ಹರಿದು ಅಡಿಗೆಮನೆಯ ಕೈಬಟ್ಟೆ ಮಾಡಿದ್ದೆ.

ಹಗ್ಗದ ಎದುರು ನಿಂತಿದ್ದ ಹಾಗೇ ಎಲ್ಲ ನೆನಪಾಯಿತು. ಹುಣ್ಣಿಮೆಯ ಹಿಂದಿನ ಬೆಳಿಗ್ಗೆ. ನನ್ನ ಎರಡು ಕೈಯೂ ಕಡುಬಿನ ಹಿಟ್ಟಿನಲ್ಲಿತ್ತು. ನೀನು ಹಿತ್ತಿಲ ಬಾಗಿಲಲ್ಲಿ ಗಂಟು ಹಿಡಿದುಕೊಂಡು ನಿಂತೆ. “ಗೌಡ್ರು ಎದ್ದಿಲ್ಲ ಅಮ್ಮ, ಬಸ್ಸಿಗೆ ಹೊತ್ತಾತು. ಇದ್ನ ಅವ್ರ ಕೈಗೆ ಕೊಡಿ, ಜಯಪ್ಪ ಕೂರಿಸ್ಲಿ” ಎಂದೆ. ಅಲ್ಲೇ ಇಡು, ಕೊಡ್ತೀನಿ ಎಂದೆ ನಾನು. ಇಲಿ ಕಡಿದೀತು ಎಂದು ಕೈಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದವಳೂ ನಾನೇ. ಅಷ್ಟರಲ್ಲಿ ನೆಂಟರು ಬಂದರು. ಡಬ್ಬಿ ಅಟ್ಟಕ್ಕೆ ಹೋಯಿತು. ನನ್ನ ತಲೆಯಿಂದಲೂ ಹೋಯಿತು. ಮಾರನೇ ದಿನ ಅವರ ಕೈ ಬೆಂದ ಮೇಲಂತೂ ನನಗೆ ಬೇರೆ ಯಾವುದೂ ನೆನಪಿಗೆ ಬರಲಿಲ್ಲ.

ನೀನು ಊರಿನಿಂದ ವಾಪಸು ಬಂದಾಗ ಪ್ಯಾಕಿಂಗ್ ಎಲ್ಲಿ ಎಂದು ಅಂಗಳದಲ್ಲಿ ಕೂಗಿದೆನಲ್ಲ, ಆಗ ನೀನು ನನ್ನ ಮುಖ ನೋಡಿದೆ. ಸ್ವಲ್ಪ ಹೊತ್ತು ನೋಡಿ, ಪಾನಾ ಕೆಳಗಿಟ್ಟು ಹೋದೆ. ಎಷ್ಟು ಕೊಬ್ಬು ಎಂದುಕೊಂಡೆ. ಎರಡು ವರ್ಷ ಹಾಗೇ ಅಂದುಕೊಂಡಿದ್ದೆ.

ಇನ್ನೊಂದಿದೆ, ಅದನ್ನೂ ಬರೆದುಬಿಡುತ್ತೇನೆ. ನಮ್ಮವರು ಕೊನೆಯ ಮೂರು ದಿನ, ಬೆಂದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು “ಹುಲಿಯಪ್ಪ ಬಂದ್ನಾ” ಎಂದು ಕೇಳುತ್ತಿದ್ದರು. ಹಾಳೆ ಹಾಕಿದ್ದನ್ನು ನಿನಗೆ ಹೇಳಬೇಕು ಅಂತ ಇತ್ತೋ ಏನೋ. ಜ್ವರದ ಮಾತು ಎಂದು ನಾನು ಹೇಳಿ ಕಳಿಸಲಿಲ್ಲ. ಜ್ವರದ ಮಾತಲ್ಲ ಎಂದು ನನಗೆ ಗೊತ್ತಿತ್ತು. ನಿನ್ನನ್ನು ಕರೆಯಲು ಮನಸ್ಸು ಒಪ್ಪಲಿಲ್ಲ, ಅಷ್ಟೆ.

ಅವರ ಕೈ ಬೆಂದದ್ದು ನನ್ನ ಮರೆವಿನಿಂದ. ಹೆಸರು ಕೆಟ್ಟದ್ದು ನಿನ್ನದು. ನೀನು ಒಂದು ಮಾತು ಆಡಿದ್ದರೆ ಸಾಕಾಗಿತ್ತಲ್ಲ ಹುಲಿಯಪ್ಪ. ಯಾಕೆ ಆಡಲಿಲ್ಲ?

ಕೆರಿಯಮ್ಮ


ಸಾಗರ
14-9-1962

ಅಮ್ಮನವರಿಗೆ ಹುಲಿಯಪ್ಪ, ಹಾಲಮ್ಮ ಇಬ್ಬರ ನಮಸ್ಕಾರಗಳು.

ಹೌದು, ಕೊಟ್ಟದ್ದು ನಿಮ್ಮ ಕೈಗೇ. ನೀವೇ ಕೇಳಿದ ಮೇಲೆ ಇನ್ನು ಮುಚ್ಚಿಡುವುದಿಲ್ಲ.

ಆ ದಿನ ಅಂಗಳದಲ್ಲಿ ನಿಮ್ಮ ಮುಖ ನೋಡಿದ್ದು ಕೊಬ್ಬಿನಿಂದಲ್ಲ. ಇವರಿಗೆ ಈಗ ನೆನಪಾಗುತ್ತದೆ, ಈಗ ನೆನಪಾಗುತ್ತದೆ ಎಂದು ಕಾದೆ. ಗೊತ್ತಿದ್ದೂ ಬೈದಿದ್ದರೆ ನಾನು ಸುಮ್ಮನೆ ಹೋಗುವವನಲ್ಲ, ನನ್ನ ಬಾಯಿ ನಿಮಗೆ ಗೊತ್ತು. ನೀವು ನಿಜವಾಗಿ ಮರೆತಿದ್ದಿರಿ. ನಿಮ್ಮ ಹಿಂದೆ ಜಗಲಿಯಲ್ಲಿ ಗೌಡರು ಕೈಗೆ ಬಾಳೆಲೆ ಸುತ್ತಿಸಿಕೊಂಡು ಮಲಗಿದ್ದರು. ನಾನು ಬಾಯಿ ಬಿಟ್ಟರೆ, ಗಂಡನ ಕೈ ಸುಟ್ಟವಳು ಎಂದು ನೀವು ಬದುಕಿರುವ ತನಕ ಕೇಳಬೇಕಾಗುತ್ತಿತ್ತು. ಬೇರೆಯವರು ಅನ್ನದಿದ್ದರೂ ನೀವೇ ಅಂದುಕೊಳ್ಳುತ್ತಿದ್ದಿರಿ, ಈಗ ಅಂದುಕೊಳ್ಳುತ್ತಿದ್ದೀರಲ್ಲ ಹಾಗೆ.

ಶರಾವತಿ ಹುಟ್ಟಿದ್ದು ನಿಮಗೆ ನೆನಪಿರಬೇಕು. ಹಾಲಮ್ಮನಿಗೆ ಎರಡು ದಿನ ನೋವು. ನೀವು ನಿಮ್ಮ ಒಳಕೋಣೆಯಲ್ಲಿ ಮಲಗಿಸಿದಿರಿ. ದೀವರ ಜಾತಿಯವಳ ಹೆರಿಗೆಗೆ ಗೌಡರ ಮನೆಯ ಕೋಣೆಯೇ ಎಂದು ನಿಮ್ಮತ್ತೆ ಊಟ ಬಿಟ್ಟು ಕೂತರು. ಹಸಿವಾದರೆ ಅವರೇ ಉಣ್ಣುತ್ತಾರೆ ಎಂದು ನೀವು ಬಿಸಿನೀರು ಕಾಯಿಸಲು ಹೋದಿರಿ. ಮಗುವನ್ನು ಮೊದಲು ಹಿಡಿದದ್ದು ನಿಮ್ಮ ಕೈ. ಆ ಕೈಯಿಂದ ಒಂದು ತಪ್ಪಾಯಿತು ಎಂದು ಊರ ಮುಂದೆ ಹೇಳಲು ನನಗೆ ನಾಲಿಗೆ ಬರಲಿಲ್ಲ. ಹಾಲಮ್ಮನಿಗೆ ಮಾತ್ರ ಹೇಳಿದೆ. ಒಳ್ಳೇದು ಮಾಡಿದ್ರಿ ಎಂದಳು. ಆಮೇಲೆ ಕಷ್ಟ ಬಂದಾಗಲೂ ಅವಳು ಆ ಮಾತು ಬದಲಿಸಲಿಲ್ಲ.

ಇನ್ನು ಹಾಳೆಯ ವಿಷಯ. ಅದೇ ವರ್ಷ ಬೇಸಿಗೆಯಲ್ಲಿ ಬಾವಿಯ ನೀರಿನ ಪೈಪು ಸೋರಿದಾಗ, ಷೀಟು ಇಲ್ಲದೆ, ಅಡಿಕೆ ಹಾಳೆ ನೆನೆಸಿ ಕೊಯ್ದು ಹಾಕಿ ಗೌಡರ ಮುಂದೆ ಮೀಸೆ ತಿರುವಿದವನು ನಾನು. ಮೂರು ತಿಂಗಳು ನಿಂತಿತು. ಅದು ತಣ್ಣೀರು, ಉಗಿಗೆ ಇದು ಆಗುವುದಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹಾಗಾಗಿ ಎಲ್ಲವನ್ನೂ ನೀವೊಬ್ಬರೇ ಹೊತ್ತುಕೊಳ್ಳಬೇಡಿ, ಅದರಲ್ಲಿ ನನ್ನ ಪಾಲೂ ಇದೆ.

ಹುಲಿಯಪ್ಪ ಬಂದ್ನಾ ಎಂದು ಗೌಡರು ಕೇಳಿದರು ಎಂದು ಬರೆದಿರಿ. ಆ ಸಾಲನ್ನು ಹಾಲಮ್ಮನಿಗೆ ಎರಡು ಸಲ ಓದಿ ಹೇಳಿದೆ. ಏನೂ ತಿಳಿಯದ ನನ್ನನ್ನು ಶಿವಮೊಗ್ಗಕ್ಕೆ ಕಳಿಸಿ ಕೆಲಸ ಕಲಿಸಿದವರು ಅವರು. ಕೋಪದಲ್ಲೇ ಹೋದರು ಎಂದುಕೊಂಡಿದ್ದೆ. ನೀವು ಬರೆಯದೆ ಇದ್ದಿದ್ದರೆ ನನಗೆ ಇದು ಎಂದೂ ತಿಳಿಯುತ್ತಿರಲಿಲ್ಲ. ನಿಮ್ಮ ಉಪಕಾರ ದೊಡ್ಡದು.

ಆ ಪ್ಯಾಕಿಂಗನ್ನು ಮೆಲ್ಲಗೆ ಬಾಗಿಸಿ ನೋಡಿ. ಬಿರುಕು ಬಿಡದಿದ್ದರೆ ಅದನ್ನೇ ಹಾಕಿ. ಅದನ್ನು ಕಾಗದ ನೋಡಿ ಕೊಯ್ದದ್ದಲ್ಲ, ಆ ಫ್ಲ್ಯಾಂಜಿನ ಮೇಲೇ ಇಟ್ಟು ಕೊಯ್ದದ್ದು. ಕೆಲಸಕ್ಕೆ ಕಾಗದ ಬರೆಯುವ ಮನಸ್ಸಿದ್ದರೆ, ನನಗೆ ಕೆಲಸ ಬರುತ್ತದೆ ಎಂದು ಒಂದು ಸಾಲು ಬರೆಯಿರಿ. ಉಳಿದದ್ದನ್ನು ಯಾರಿಗೂ ಹೇಳಬೇಡಿ ಅಮ್ಮ.

ಹುಲಿಯಪ್ಪ


ಕೋಣಂದೂರು
22-9-1962

ಹುಲಿಯಪ್ಪನಿಗೆ,

ಬಿರುಕು ಬಿಡಲಿಲ್ಲ. ಕೂರಿಸಿದೆವು.

ಎಂಟೂ ಬೋಲ್ಟು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಎದುರುಬದುರು, ಮೂರು ಸುತ್ತು, ನೀನು ಬರೆದ ಹಾಗೇ ಬಿಗಿದೆವು. ಮೂರನೇ ಸುತ್ತಿನಲ್ಲಿ ಜಯಪ್ಪ ಹಿಂಡಲು ಹೋದ, ಸಾಕು ಎಂದು ಅವನ ಕೈ ಹಿಡಿದೆ. ಬೆಳಿಗ್ಗೆ ಬೆಂಕಿ ಹಾಕಿದೆವು. ಉಗಿಯ ಒತ್ತಡ ತೋರಿಸುವ ಮುಳ್ಳು ಏರುತ್ತಾ ಬಂತು. ಜಯಪ್ಪ ಬಾಗಿಲ ಹೊರಗೆ ನಿಂತಿದ್ದ. ನಾನು ಪೈಪಿನ ಪಕ್ಕ ನಿಂತೆ, ನಿಲ್ಲಬೇಕಾದವಳು ನಾನೇ. ಉಗಿ ತೊಟ್ಟಿಗೆ ಹೋಗುವ ಸದ್ದು ಕೇಳಿತು. ಆ ಜಾಗದಲ್ಲಿ ಮಾತ್ರ ಸದ್ದಿಲ್ಲ. ತಣ್ಣಗಿನ ಹಿತ್ತಾಳೆ ತಟ್ಟೆಯನ್ನು ಅದರ ಹತ್ತಿರ ಹಿಡಿದೆ, ಮಂಜು ಕೂರಲಿಲ್ಲ. ಆಗ ಜಯಪ್ಪ ಒಳಗೆ ಬಂದ. ನನಗೆ ಅಳು ಬಂತು. ಹೊಗೆ ಕಣ್ಣಿಗೆ ಹೋಯ್ತಾ ಅಮ್ಮ ಎಂದು ಕೇಳಿದ, ಪಾಪ.

ಯಾರಿಗೂ ಹೇಳಬೇಡಿ ಎಂದು ಬರೆದೆಯಲ್ಲ, ಆ ಮಾತನ್ನು ನಾನು ಕೇಳಲಿಲ್ಲ. ಕೋಪ ಮಾಡಿಕೊಂಡರೆ ಮಾಡಿಕೊ. ಸಂತೆಯ ದಿನ ಭತ್ತ ತಂದವರು ಅಂಗಳದಲ್ಲಿ ತುಂಬಿದ್ದಾಗ ಹೊರಗೆ ಬಂದು ನಿಂತು ಹೇಳಿದೆ. ಹುಲಿಯಪ್ಪ ಪ್ಯಾಕಿಂಗ್ ಕೊಯ್ದು ನನ್ನ ಕೈಗೆ ಕೊಟ್ಟು ಹೋಗಿದ್ದ, ಮರೆತವಳು ನಾನು, ಎರಡು ವರ್ಷ ಬೈಸಿಕೊಂಡವನು ಅವನು, ನಿಮ್ಮ ಭತ್ತ ಈಗ ಬೇಯುತ್ತಿರುವುದು ಅವನದೇ ಪ್ಯಾಕಿಂಗಿನಿಂದ ಎಂದೆ. ಎಲ್ಲಿ ಬೈದಿದ್ದೆನೋ ಅಲ್ಲೇ ನಿಂತು ಹೇಳಿದ್ದು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಹೂವಯ್ಯನವರು ಮಾತ್ರ ಚೀಲ ಇಳಿಸುತ್ತಾ “ಹಂಗಾರೆ ಅವ್ನ ಕರ್ಸಿ ಒಂದು ಊಟ ಹಾಕ್ಸಿ ಅಮ್ಮ, ನಾವೂ ಬತ್ತೀವಿ” ಎಂದರು. ಅವರಿಗೆ ನೆಪ ಸಿಕ್ಕರೆ ಊಟ.

ಅಡಿಕೆ ಹಾಳೆಯ ಸಂಗತಿ ಹೇಳಲಿಲ್ಲ. ಅದು ನನ್ನಲ್ಲಿ, ನಿನ್ನಲ್ಲಿ, ಜಯಪ್ಪನಲ್ಲಿ ಇರಲಿ.

ನೀನು ಕೇಳುವುದಿಲ್ಲ ಎಂದಿದ್ದ ಕಾಗದ ಇದರೊಳಗಿದೆ. ಒಂದು ಸಾಲಿನಲ್ಲಿ ಮುಗಿಯಲಿಲ್ಲ. ಸೂಪರ್‌ವೈಸರಿಗೆ ಕೊಡುವ ಮೊದಲು ನಿನಗೂ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತೇನೆ:

“ಹುಲಿಯಪ್ಪನವರು ನಮ್ಮ ಅಕ್ಕಿ ಮಿಲ್ಲಿನಲ್ಲಿ ಆರು ವರ್ಷ ಫಿಟ್ಟರಾಗಿದ್ದರು. ಅವರು 1960ನೇ ಇಸವಿ ಅಕ್ಟೋಬರಿನಲ್ಲಿ ಕೊಯ್ದುಕೊಟ್ಟ ಪ್ಯಾಕಿಂಗನ್ನು ನಾವು 1962ನೇ ಇಸವಿ ಸೆಪ್ಟೆಂಬರಿನಲ್ಲಿ ಉಗಿ ಪೈಪಿಗೆ ಹಾಕಿದೆವು. ಒಂದು ಹನಿಯೂ ಸೋರಲಿಲ್ಲ. ನಡುವೆ ಎರಡು ವರ್ಷ ತಡವಾದದ್ದು ನನ್ನಿಂದ.”

ಅದರಲ್ಲಿ ನಿನ್ನನ್ನು ‘ಅವರು’ ಎಂದು ಬರೆದಿದ್ದೇನೆ, ಹಿಗ್ಗಬೇಡ. ಕ್ಯಾಲೆಂಡರ್ ಹಾಳೆಯ ವಿಷಯ ಬರೆದಿಲ್ಲ, ಅದಕ್ಕೆ ನೀನು ನನಗೆ ಋಣಿ.

ಕ್ಷಮಿಸು ಎಂದು ಇಷ್ಟು ಕಾಗದಗಳಲ್ಲಿ ಎಲ್ಲೂ ಬರೆದಿಲ್ಲ. ಈಗ ಬರೆದಿದ್ದೇನೆ.

ನಿನ್ನ
ಕೆರಿಯಮ್ಮ


ಸಾಗರ
29-9-1962

ಅಮ್ಮನವರಿಗೆ ನಮಸ್ಕಾರಗಳು.

ಸೂಪರ್‌ವೈಸರು ನಿಮ್ಮ ಕಾಗದ ಓದಿದರು, ಇನ್ನೊಮ್ಮೆ ಓದಿದರು. ಎರಡು ವರ್ಷ ಯಾಕೆ ತಡವಾಯಿತು ಎಂದು ಕೇಳಿದರು. ಅದು ನಮ್ಮ ಮನೆ ವಿಚಾರ ಎಂದೆ. ನಕ್ಕು, ಇಂಥ ಕಾಗದ ತಂದವನು ನೀನೊಬ್ಬನೇ ಎಂದು ಅಲ್ಲೇ ರುಜು ಹಾಕಿದರು. ಅಕ್ಟೋಬರ್ ಇಪ್ಪತ್ತರಿಂದ ಕೆಲಸ. ಹಾಲಮ್ಮ ದೇವರ ಮುಂದೆ ಒಂದು ದೀಪ ಹಚ್ಚಿ, ನಿಮ್ಮ ಹೆಸರಿನಲ್ಲಿ ಇನ್ನೊಂದು ಹಚ್ಚಿದಳು.

ಅಂಗಳದಲ್ಲಿ ಹೇಳಿದ್ದು ಓದಿ ಕೋಪ ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ. ಸೈಕಲ್ ಷಾಪಿಗೆ ಹೊಸನಗರದ ಒಬ್ಬರು ಬಂದಿದ್ದರು, “ಕೋಣಂದೂರ ಹುಲಿಯಪ್ಪ ಅಂದ್ರೆ ನೀನೇನಾ” ಎಂದು ಕೇಳಿದರು. ನಾನು ಎಂದಿನಂತೆ ತಲೆ ತಗ್ಗಿಸಿದೆ. ಅವರು ನನ್ನ ಭುಜದ ಮೇಲೆ ಕೈ ಇಟ್ಟರು. ನಿಮ್ಮ ಮಾತು ಬಸ್ಸಿಗಿಂತ ಜೋರಾಗಿ ಬಂದಿದೆ.

ಒಂದು ಮುಖ್ಯ ಸಂಗತಿ. ಹೊಸದಾಗಿ ಹಾಕಿದ ಪ್ಯಾಕಿಂಗ್ ನಾಲ್ಕು ಸಲ ಕಾದು ತಣಿದ ಮೇಲೆ ಸ್ವಲ್ಪ ಕೂರುತ್ತದೆ. ಆಗ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿಯಬೇಕು. ಜಾಸ್ತಿಯಾದರೆ ಹಿಂಡಿಹೋಗುತ್ತದೆ, ಕಮ್ಮಿಯಾದರೆ ಸುಗ್ಗಿಯ ನಡುವೆ ಕೈಕೊಡುತ್ತದೆ. ಎಷ್ಟು ಎಂಬುದನ್ನು ಕಾಗದದಲ್ಲಿ ಹೇಳಿಕೊಡಲು ಬರುವುದಿಲ್ಲ. ನಾನು ಆಗಲೇ ಹೇಳಿದೆನಲ್ಲ, ಅದು ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ.

ಭೂಮಿ ಹುಣ್ಣಿಮೆ ಮುಗಿಸಿ ಮಾರನೇ ದಿನ ಮೊದಲ ಬಸ್ಸಿಗೆ ಹೊರಡುತ್ತೇವೆ, ಮೂವರೂ. ಆ ದಿನ ಬೆಂಕಿ ಹಾಕಿಸಬೇಡಿ. ಜಯಪ್ಪನಿಗೆ ಪಾನಾ ಮುಟ್ಟಬೇಡ ಎಂದು ಹೇಳಿ, ಅದು ಮೊಳೆಯಲ್ಲೇ ಇರಲಿ. ನಾನು ಒಳಗೆ ಬಂದು ತೆಗೆದುಕೊಳ್ಳುತ್ತೇನೆ.

ನಿಮ್ಮ
ಹುಲಿಯಪ್ಪ